ಮೊದಲ ರೀಡಿಂಗ್ ಕಸ

ಸೆಪ್ಟೆಂಬರ್ ೩, ಬುಧವಾರ. ಸಂಜೆ.

ಇವತ್ತು ಇನ್ನೂ ಮೂರು ನ್ಯಾನೋ ಆಂಪ್ ಕರೆಂಟ್ ಉಳಿಸಿದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. "ಅದು ಎಷ್ಟು ದೊಡ್ಡದೇ?" ಎಂದರು. ದೊಡ್ಡದಲ್ಲ ಅತ್ತೆ, ಕಣ್ಣಿಗೂ ಕಾಣದಷ್ಟು ಚಿಕ್ಕದು ಎಂದೆ. "ಹಾಗಾದ್ರೆ ಇಷ್ಟು ಯಾಕೆ ಕುಣೀತೀಯ?" ಪ್ರಶ್ನೆ ಸರಿಯಾಗಿಯೇ ಇದೆ.

ಕುಣಿಯುವುದು ಬ್ಯಾಟರಿಗಾಗಿ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಬೆನ್ನಿಗೆ ಅಂಟಿಸುವ ಪ್ಯಾಚ್. ಹೆಬ್ಬೆರಳಿನಷ್ಟು. ಮೈಯ ಬಿಸಿ ಒಳಗೆ ವೋಲ್ಟೇಜ್ ಆಗಿ ಬರುತ್ತದೆ, ಅದನ್ನು ಅಂಕಿ ಮಾಡುವ ಚಿಪ್ ನನ್ನದು. ಐದು ನಿಮಿಷ ನಿದ್ದೆ. ಕಣ್ಣು ಬಿಟ್ಟು ಒಂದೇ ಒಂದು ರೀಡಿಂಗ್. ಮತ್ತೆ ನಿದ್ದೆ. ಮೊದಲು ಬ್ಯಾಟರಿ ಒಂಬತ್ತು ದಿನ ಬರುತ್ತಿತ್ತು, ಈಗ ಹದಿನಾಲ್ಕು. ಬ್ಯಾಟರಿ ಮುಗಿದರೆ ಪ್ಯಾಚ್ ಕಿತ್ತು ಹೊಸದು ಹಾಕಬೇಕು. ಆ ಕೂಸುಗಳ ಚರ್ಮ ಈರುಳ್ಳಿಯ ಒಳಸಿಪ್ಪೆಯ ಹಾಗೆ, ಅಂಟಿನ ಜೊತೆಗೇ ಎದ್ದು ಬರುತ್ತದಂತೆ. ನಾದಿನಿ ಹೇಳಿದ್ದು. ಅವಳು ಅಂಥ ಮಕ್ಕಳ ವಾರ್ಡಿನಲ್ಲಿ ನರ್ಸ್. ಇಪ್ಪತ್ತು ಪ್ಯಾಚ್ ಅಲ್ಲೇ ಟ್ರಯಲ್‌ನಲ್ಲಿವೆ.

ಟೆಸ್ಟ್ ರಿಪೋರ್ಟೂ ಬಂತು. ಚಿಪ್ ತನ್ನ ಅಳತೆಯನ್ನು ಹಂಚುವ ೪೦೯೬ ಮೆಟ್ಟಿಲುಗಳಲ್ಲಿ ಒಂದೂ ಅರ್ಧ ಮೆಟ್ಟಿಲಿಗಿಂತ ಹೆಚ್ಚು ತಪ್ಪಿಲ್ಲ. ನಮ್ಮ ಹೆಡ್ ಕೆಂಪು ಇಂಕಿನಲ್ಲಿ "ಅತ್ಯುತ್ತಮ" ಎಂದು ಬರೆದರು. ಯಾವ ಕಾಗದ ಕೊಟ್ಟರೂ ಅಂಚಿನಲ್ಲಿ ಒಂದು ಷರಾ ಬರೆಯದೆ ಬಿಡುವವರಲ್ಲ. ಅದಕ್ಕೇ ಅವರ ಬೆನ್ನ ಹಿಂದೆ ಎಲ್ಲರೂ ಕರೆಯುವುದು ಷರಾ ಎಂದೇ.

ಅಕ್ಟೋಬರ್ ಒಂದರಿಂದ ವಾರ್ಡಿನಲ್ಲಿ ಎರಡು ಗಂಟೆಗೊಮ್ಮೆ ಕೈಯಲ್ಲಿ ಥರ್ಮಾಮೀಟರ್ ಹಿಡಿದು ನೋಡುವುದು ಬಂದ್. ಪ್ಯಾಚ್ ಹೇಳಿದ್ದೇ ಲೆಕ್ಕ. ಜಂಬ ಪಡಲು ಇಷ್ಟು ಸಾಕು.

ಸೆಪ್ಟೆಂಬರ್ ೬, ಶನಿವಾರ. ಬೆಳಗ್ಗೆ.

ನಾದಿನಿ ರಾತ್ರಿಪಾಳಿ ಮುಗಿಸಿ ಬಂದು, ಚಪ್ಪಲಿ ಕೂಡ ಬಿಡದೆ ಶುರು ಮಾಡಿದಳು.

"ಅತ್ತಿಗೆ, ನಿಮ್ಮ ಪ್ಯಾಚ್ ಸುಳ್ಳು ಹೇಳುತ್ತೆ."

"ಏನಂತ?"

"ಯಾವಾಗ ನೋಡಿದ್ರೂ ಮಗು ಸ್ವಲ್ಪ ಬೆಚ್ಚಗಿದೆ ಅನ್ನುತ್ತೆ. ನಾನು ಮುಟ್ಟಿ ನೋಡಿದ್ರೆ ತಣ್ಣಗಿರುತ್ತೆ."

"ನನ್ನ ಚಿಪ್‌ಗೆ ಹನ್ನೆರಡು ಬಿಟ್ ನಿಖರತೆ ಇದೆ, ನಿನ್ನ ಕೈಗೆ ಎಷ್ಟಿದೆಯಮ್ಮಾ?"

"ಹದಿನೇಳು ವರ್ಷದ ಸರ್ವಿಸ್ ಇದೆ."

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಥರ್ಮಾಮೀಟರ್ ಎಷ್ಟು ತೋರಿಸಿತು ಎಂದೆ. ಅರ್ಧ ಡಿಗ್ರಿ, ಮುಕ್ಕಾಲು ಡಿಗ್ರಿ ಕಡಿಮೆ ಎಂದಳು. ಥರ್ಮಾಮೀಟರ್ ಹಳೆಯದಿರಬೇಕು ಎಂದೆ. ಅವಳು ಮೂಗು ಮುರಿದು ಮಲಗಲು ಹೋದಳು.

ಮುಕ್ಕಾಲು ಡಿಗ್ರಿ ಎಂದರೆ ನನ್ನ ಚಿಪ್‌ನಲ್ಲಿ ಎಂಬತ್ತು ಮೆಟ್ಟಿಲು. ಸಾಧ್ಯವೇ ಇಲ್ಲ.

ಸೆಪ್ಟೆಂಬರ್ ೮, ಸೋಮವಾರ.

ಸಾಧ್ಯವಿಲ್ಲ ಎಂದು ತೋರಿಸಿಯೂ ಆಯಿತು. ಐದು ಪ್ಯಾಚ್‌ಗಳನ್ನು ಲ್ಯಾಬಿನ ಬಿಸಿನೀರಿನ ತೊಟ್ಟಿಗೆ ಇಳಿಸಿದೆವು. ನೀರು ಸರಿಯಾಗಿ ೩೬.೫೦. ಪ್ಯಾಚ್‌ಗಳು ೩೬.೫೦, ೩೬.೫೦, ೩೬.೪೯, ೩೬.೫೦, ೩೬.೫೧. ಟೆಸ್ಟಿಂಗ್ ಹುಡುಗಿ ಸ್ಕ್ರೀನಿಗೆ ಕೈಮುಗಿದಳು. ಸದಾ ಕಿವಿಯ ಹಿಂದೆ ಚಿಮಟ ಸಿಕ್ಕಿಸಿಕೊಂಡಿರುವುದರಿಂದ ಅವಳ ಹೆಸರು ಚಿಮಟ. ಮೂವತ್ತು ವರ್ಷ, ಮದುವೆಯಾಗಿದೆ, ಆದರೂ ನನ್ನ ಬಾಯಲ್ಲಿ ಹುಡುಗಿಯೇ.

ಪ್ರಿಂಟ್ ಮಾಡಿ ತಂದು ನಾದಿನಿಯ ಮುಂದೆ ಇಟ್ಟೆ. ನೋಡಿದಳು. "ಚೆನ್ನಾಗಿದೆ. ನನ್ನ ವಾರ್ಡಿನಲ್ಲಿ ನೀರಿನ ತೊಟ್ಟಿ ಇಲ್ಲ, ಮಕ್ಕಳಿದ್ದಾರೆ" ಎಂದಳು. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಎಸೆದಳು. ಟ್ರಯಲ್ ಶುರುವಾದಾಗಿನಿಂದ ಬರೆದಿದ್ದಾಳೆ. ಎಡಗಡೆ ಥರ್ಮಾಮೀಟರ್, ಬಲಗಡೆ ಪ್ಯಾಚ್. ಯಾರೂ ಬರೆಯಲು ಹೇಳಿರಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ. ಮಧ್ಯಾಹ್ನ, ಊಟದ ಹೊತ್ತು.

ನೋಟ್‌ಬುಕ್ ಬಿಡಲಾಗುತ್ತಿಲ್ಲ. ಮೂರು ದಿನದಿಂದ ಅದನ್ನೇ ಓದುತ್ತಿದ್ದೇನೆ. ೨೧೨ ಜೋಡಿ. ಎಲ್ಲವನ್ನೂ ಗ್ರಾಫ್ ಹಾಕಿದೆ.

ಪ್ಯಾಚ್ ಹೆಚ್ಚು ತೋರಿಸುವುದು ನಿಜ. ೦.೬, ೦.೭, ೦.೭, ೦.೬... ಥರ್ಮಾಮೀಟರ್ ಕೆಟ್ಟಿದೆ ಎನ್ನೋಣ ಎಂದರೆ ಮೂರು ಬೇರೆ ಬೇರೆ ಥರ್ಮಾಮೀಟರ್. ನರ್ಸ್ ಕೆಟ್ಟಿದ್ದಾಳೆ ಎನ್ನಲು ಮನಸ್ಸು ಬರುತ್ತದೆ, ಆದರೆ ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ವಿಚಿತ್ರ ಅದಲ್ಲ. ಮಧ್ಯೆ ಮಧ್ಯೆ ತಪ್ಪು ಸೊನ್ನೆ. ೨೧೨ರಲ್ಲಿ ೩೧ ಕಡೆ ಎರಡೂ ಒಂದೇ. ನಡುವೆ ಏನೂ ಇಲ್ಲ. ಒಂದೋ ಮುಕ್ಕಾಲು ಡಿಗ್ರಿ, ಇಲ್ಲವೇ ಸೊನ್ನೆ. ಹಾಳಾದ ಚಿಪ್ ಹೀಗೆ ನಡೆದುಕೊಳ್ಳುವುದಿಲ್ಲ. ಹಾಳಾದದ್ದು ಎಲ್ಲ ಕಡೆ ಹಾಳಾಗಿರುತ್ತದೆ.

ಆ ೩೧ ಸಾಲುಗಳಲ್ಲಿ ಏನಿದೆ? ಒಂದೇ ಮಗು ಅಲ್ಲ. ಒಂದೇ ಪ್ಯಾಚ್ ಅಲ್ಲ. ಒಂದೇ ಹೊತ್ತೂ ಅಲ್ಲ. ಅಯ್ಯೋ, ಏನದು?

ಅದೇ ದಿನ, ಸಂಜೆ.

ನಾದಿನಿಯನ್ನೇ ಕೇಳಿದೆ. ಯೋಚನೆ ಕೂಡ ಮಾಡಲಿಲ್ಲ.

"ತಾಯಿ ಎತ್ತಿಕೊಂಡಾಗ ಸರಿ ಹೇಳುತ್ತೆ."

"ಏನು?"

"ತಾಯಂದಿರು ಬಂದು ಎದೆಗೆ ಒತ್ತಿಕೊಂಡಾಗ ಪ್ಯಾಚ್ ನಿಜ ಹೇಳುತ್ತೆ. ತೊಟ್ಟಿಲಲ್ಲಿ ಮಲಗಿಸಿದ್ರೆ ಮತ್ತೆ ಸುಳ್ಳು."

ಅತ್ತೆ ಅಡುಗೆಮನೆಯಿಂದಲೇ, "ಅದಕ್ಕೂ ತಾಯಿ ಬೇಕು ಅಂತಾಯ್ತು!" ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಮ್ಮ ಯಜಮಾನರು ಹಡಗಿನ ಕೆಲಸದಲ್ಲಿದ್ದಾರೆ, ಇನ್ನೆರಡು ತಿಂಗಳು ಬರುವುದಿಲ್ಲ. ಮನೆಯಲ್ಲಿ ನಾವು ಮೂವರೇ, ನನ್ನ ಪರ ವಾದಿಸಲು ಯಾರೂ ಇಲ್ಲ.

ತಾಯಿಯ ಮೈಬಿಸಿ ಪ್ಯಾಚ್‌ಗೆ ತಾಗುತ್ತದೆಯೇ? ತಾಗಿದರೆ ಹೆಚ್ಚು ತೋರಿಸಬೇಕಿತ್ತು. ಬೆವರು? ಬಟ್ಟೆ? ಒಂದೊಂದನ್ನೇ ಬರೆದು ಒಂದೊಂದನ್ನೇ ಹೊಡೆದುಹಾಕಿದೆ. ತಲೆ ಕೆಟ್ಟುಹೋಗಿದೆ. ಬಹಳ ದಿನದ ಮೇಲೆ ಇಷ್ಟು ಚೆನ್ನಾಗಿ ಕೆಟ್ಟಿದೆ.

ಸೆಪ್ಟೆಂಬರ್ ೧೪, ಭಾನುವಾರ. ಸಂಜೆ.

ವಾರ್ಡಿಗೆ ಹೋಗಿದ್ದೆ. ಕೈ ಎರಡು ಸಲ ತೊಳೆಸಿದರು, ಗೌನ್ ಹಾಕಿಸಿದರು, ಉಂಗುರ ಬಿಚ್ಚಿಸಿದರು. ಅತ್ತಿಗೆ ಎಂಬ ಮುಲಾಜು ನಾದಿನಿಗೆ ಅಲ್ಲಿ ಇಲ್ಲವೇ ಇಲ್ಲ. "ಮೂಲೆಯಲ್ಲಿ ನಿಂತ್ಕೊಳ್ಳಿ, ಏನೂ ಮುಟ್ಟಬೇಡಿ."

ನಿಂತೆ. ಎರಡು ಗಂಟೆ. ಒಂದು ಕೇಜಿ ನೂರು ಗ್ರಾಂ ತೂಕದ ಮಗುವನ್ನು ಮೊದಲ ಸಲ ನೋಡಿದೆ. ನನ್ನ ಟಿಫಿನ್ ಬಾಕ್ಸ್ ಅದಕ್ಕಿಂತ ಭಾರ. ಬೆನ್ನಿನ ಮೇಲೆ ಪ್ಯಾಚ್, ಅದರಲ್ಲಿ ಚಿಕ್ಕ ಹಸಿರು ದೀಪ. ರೀಡಿಂಗ್ ತೆಗೆದಾಗ ಒಮ್ಮೆ ಮಿನುಗುತ್ತದೆ. ಐದು ನಿಮಿಷಕ್ಕೆ ಒಂದು ಮಿನುಗು. ಮುಕ್ಕಾಲು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

ಆಮೇಲೆ ಕಿಟಕಿ ಪಕ್ಕದ ಮಗುವಿನ ತಾಯಿ ಬಂದಳು. ಎತ್ತಿಕೊಂಡಳು.

ಮಿನುಗು ಮಿನುಗು ಮಿನುಗು ಮಿನುಗು. ಎಂಟು ಸಲ, ಸಾಲಾಗಿ.

ಮಗು ಅಲುಗಾಡಿದರೆ ಪ್ಯಾಚ್ ಎದ್ದು ಎಂಟು ರೀಡಿಂಗ್ ತೆಗೆಯುತ್ತದೆ. ಪ್ಯಾಚ್ ಕಂಪನಿಯವರು ಮಾಡಿದ್ದ ಏರ್ಪಾಡು, ನನಗೆ ಗೊತ್ತಿತ್ತು, ಮರೆತಿದ್ದೆ. ಕೊನೆಯದನ್ನು ತೋರಿಸುತ್ತದೆ. ಅಂದರೆ ಎಂಟನೆಯದು ನಿಜ ಹೇಳುತ್ತದೆ. ಒಂಟಿಯಾಗಿ ಬಂದದ್ದು ಸುಳ್ಳು ಹೇಳುತ್ತದೆ.

ನೀರಿನ ತೊಟ್ಟಿಯಲ್ಲಿ ಯಾಕೆ ಸರಿಯಿತ್ತು? ತೊಟ್ಟಿಯಲ್ಲಿ ನೀರು ಕಲಕುವ ಮೋಟಾರ್ ಇದೆ. ಅದು ಗಡಗಡ ಅಲುಗಾಡುತ್ತದೆ. ಪ್ಯಾಚ್‌ಗಳು ಒಂದು ಕ್ಷಣವೂ ಮಲಗಿರಲಿಲ್ಲ!

ನಾದಿನಿಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು. ಮುಟ್ಟಬೇಡಿ ಎಂದಿದ್ದಳಲ್ಲ, ಸುಮ್ಮನಾದೆ.

ಸೆಪ್ಟೆಂಬರ್ ೧೫, ಸೋಮವಾರ.

ಬೆಳಗ್ಗೆ ಎಂಟಕ್ಕೇ ಚಿಮಟಳನ್ನು ಕೂರಿಸಿದೆ. ಕೆಲಸ ಸರಳ: ಚಿಪ್ ಅನ್ನು ಐದು ನಿಮಿಷ ಮಲಗಿಸು, ಎಬ್ಬಿಸು, ಒಂದೇ ರೀಡಿಂಗ್ ತೆಗೆ, ಬರೆದಿಡು.

ಐದು ನಿಮಿಷ ಕಾದೆವು. ಫೈಲ್ ಖಾಲಿ.

ಮತ್ತೆ ಐದು ನಿಮಿಷ. ಖಾಲಿ. ಮತ್ತೆ. ಖಾಲಿ.

"ಮೇಡಂ, ಕೇಬಲ್ ಇರಬೇಕು." ಕೇಬಲ್ ಬದಲಿಸಿದೆವು. ಖಾಲಿ. ಬೋರ್ಡ್ ಬದಲಿಸಿದೆವು. ಖಾಲಿ. ಎರಡು ರೀಡಿಂಗ್ ಕೇಳಿದರೆ ಒಂದು ಬರುತ್ತದೆ. ಹದಿನಾರು ಕೇಳಿದರೆ ಹದಿನೈದು. ಒಂದು ಕೇಳಿದರೆ ಏನೂ ಇಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಕೇಬಲ್‌ಗೆ ಬೈದಿದ್ದೇ ಬೈದಿದ್ದು.

ಮೂರು ಗಂಟೆಗೆ ಚಿಮಟ ಟೆಸ್ಟ್ ಸ್ಕ್ರಿಪ್ಟ್ ತೆರೆದಳು. ಕೆಳಗೆ ಕೆಳಗೆ ಹೋದಳು. ನಿಂತಳು. ನನ್ನ ಕಡೆ ತಿರುಗಿ ನೋಡಲಿಲ್ಲ.

"ಮೇಡಂ... ಇದನ್ನ ಯಾರು ಬರೆದದ್ದು?"

ಒಂದೇ ಸಾಲು. ಬಂದ ರೀಡಿಂಗ್‌ಗಳಲ್ಲಿ ಮೊದಲನೆಯದನ್ನು ತೆಗೆದುಹಾಕುವ ಆಜ್ಞೆ. ಪಕ್ಕದಲ್ಲಿ ಟಿಪ್ಪಣಿ: "ಮೊದಲನೆಯದು ಕಸ. ಎಸೆ." ಕೆಳಗೆ ನನ್ನ ಇನಿಷಿಯಲ್ಸ್. ಹನ್ನೊಂದು ವರ್ಷ ಹಿಂದಿನ ತಾರೀಖು.

ನಮ್ಮ ಕಸುಬಿನಲ್ಲಿ ಎಲ್ಲರೂ ಹೀಗೇ ಮಾಡುವುದು. ಉಪಕರಣ ಆಗಷ್ಟೇ ಎದ್ದಿರುತ್ತದೆ, ಮೊದಲ ರೀಡಿಂಗ್ ಎಡವಟ್ಟಾಗಿ ಬರುತ್ತದೆ, ಎಸೆದು ಮುಂದೆ ಹೋಗು. ನನಗೆ ಕಲಿಸಿದ ಮೇಷ್ಟರೂ ಹೀಗೇ ಹೇಳಿದ್ದರು. ಮುಖ ತೊಳೆದಷ್ಟು ಸಹಜ. ಯಾಕೆ ಎಡವಟ್ಟು ಎಂದು ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಮತ್ತೆ ಆ ಪ್ಯಾಚ್ ತೆಗೆಯುವುದು ಮೊದಲನೆಯದನ್ನು ಮಾತ್ರ.

ಸೆಪ್ಟೆಂಬರ್ ೧೬, ಮಂಗಳವಾರ.

ಸಾಲು ತೆಗೆದೆವು. ಅಳೆದೆವು. ಮೊದಲ ರೀಡಿಂಗ್‌ನ ತಪ್ಪು, ಎಷ್ಟು ಹೊತ್ತು ಮಲಗಿತ್ತು ಎಂಬುದರ ಪ್ರಕಾರ:

ಒಂದು ಸೆಕೆಂಡ್ — ಸೊನ್ನೆ.
ಹತ್ತು ಸೆಕೆಂಡ್ — ೦.೦೫.
ಒಂದು ನಿಮಿಷ — ೦.೩.
ಐದು ನಿಮಿಷ — ೦.೭.

ಗ್ರಾಫ್ ಹಾಕಿದರೆ ಎಷ್ಟು ನಯವಾದ ಗೆರೆ! ಒಂದು ಚುಕ್ಕೆಯೂ ಆಚೀಚೆ ಇಲ್ಲ. ಕಂಡಾಗ ಖುಷಿಯಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಚಿಮಟಳ ಕೈ ಹಿಡಿದು ಕುಲುಕಿದೆ. ನಾಚಿಕೆ ಆಮೇಲೆ ಬಂತು, ಮನೆಗೆ ನಡೆದು ಬರುವಾಗ.

ಕಾರಣವೂ ನನ್ನದೇ. ಚಿಪ್ ಒಳಗೆ ಒಂದು ರೆಫರೆನ್ಸ್ ವೋಲ್ಟೇಜ್ ಇರುತ್ತದೆ. ಅದೇ ಅಳತೆಗೋಲು. ಒಳಗೆ ಬಂದ ವೋಲ್ಟೇಜ್ ಗೋಲಿನ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ, ಕಾಲಿಗಿಂತ ಹೆಚ್ಚೋ ಕಡಿಮೆಯೋ — ಹೀಗೆ ಹನ್ನೆರಡು ಪ್ರಶ್ನೆ ಕೇಳಿ ಅಂಕಿ ಕಟ್ಟುತ್ತದೆ. ಆ ಗೋಲನ್ನು ಹಿಡಿದಿಡುವುದು ಒಂದು ಕೆಪಾಸಿಟರ್, ಚಾರ್ಜ್ ತುಂಬಿಡುವ ಪುಟ್ಟ ಕೊಡ. ಮಲಗುವಾಗ ಅದನ್ನೂ ಪೂರ್ತಿ ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತದೆ ಎಂಬ ಉಪಾಯ ನನ್ನದು. ಆರು ವರ್ಷದ ಹಿಂದೆ. ಅದಕ್ಕೊಂದು ಬಹುಮಾನವೂ ಬಂತು. ಆಫ್ ಮಾಡಿದರೆ ಕೆಪಾಸಿಟರ್ ಮೆಲ್ಲಗೆ ಸೋರುತ್ತದೆ. ಎದ್ದ ತಕ್ಷಣ ತುಂಬಿಕೊಳ್ಳಲು ನಾನು ಕೊಟ್ಟ ಸಮಯ ಸಾಲದು. ಮೊದಲ ರೀಡಿಂಗ್ ಹೊತ್ತಿಗೆ ಗೋಲು ನೂರಕ್ಕೆ ಎರಡು ಪಾಲು ಗಿಡ್ಡ. ಗೋಲು ಗಿಡ್ಡವಾದರೆ ಬಟ್ಟೆ ಉದ್ದ ಕಾಣುತ್ತದೆ. ಮಗು ಬೆಚ್ಚಗೆ ಕಾಣುತ್ತದೆ.

ಹನ್ನೆರಡು ಉತ್ತರವೂ ಪ್ರಾಮಾಣಿಕ. ಮೊತ್ತ ಸುಳ್ಳು.

ಸೆಪ್ಟೆಂಬರ್ ೧೮, ಗುರುವಾರ.

ಷರಾ ಅವರ ಕೋಣೆ. ಗ್ರಾಫ್ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ.

"ಮೊದಲ ರೀಡಿಂಗ್ ಎಲ್ಲರೂ ಬಿಡ್ತಾರಮ್ಮ. ಇದು ತಪ್ಪು ಅಂತ ಹೇಗೆ ಹೇಳೋದು?"

"ಪ್ಯಾಚ್‌ನವರು ಬಿಡಲ್ಲ ಸರ್. ಬಿಡಬೇಕು ಅಂತ ನಾವು ಎಲ್ಲೂ ಬರೆದಿಲ್ಲ."

"ರಿಪೋರ್ಟ್ ಹೋಗಿಯಾಗಿದೆ. ನವೆಂಬರ್‌ನಲ್ಲಿ ಅವರ ಸಾಫ್ಟ್‌ವೇರ್ ಅಪ್‌ಡೇಟ್ ಇದೆ. ಅದರಲ್ಲಿ ಸೇರಿಸೋಣ. ಸದ್ದಿಲ್ಲದೆ ಸರಿಹೋಗುತ್ತೆ."

"ಅಕ್ಟೋಬರ್ ಒಂದಕ್ಕೆ ಥರ್ಮಾಮೀಟರ್ ಬಿಡ್ತಾರೆ, ಸರ್."

"ಮುಕ್ಕಾಲು ಡಿಗ್ರಿ ತಾನೇ... ಸೋಮವಾರ ಮೀಟಿಂಗ್‌ನಲ್ಲಿ ಇಡ್ತೀನಿ. ಅಲ್ಲಿತನಕ ಹೊರಗೆ ಬಾಯಿ ಬಿಡಬೇಡಿ. ಮನೆಯಲ್ಲೂ."

ಗ್ರಾಫಿನ ಅಂಚಿನಲ್ಲಿ "ಪರಿಶೀಲಿಸಲಾಗುವುದು" ಎಂದು ಬರೆದು ವಾಪಸ್ ಕೊಟ್ಟರು. ಕೆಂಪು ಇಂಕು ಅಲ್ಲ, ಪೆನ್ಸಿಲ್.

ಮನೆಯಲ್ಲೂ ಎಂದರು. ಗೊತ್ತು ಅವರಿಗೆ, ನನ್ನ ನಾದಿನಿ ಎಲ್ಲಿ ಕೆಲಸ ಮಾಡುತ್ತಾಳೆಂದು. ಸರಿ, ಸೋಮವಾರ ತಾನೇ.

ಸೆಪ್ಟೆಂಬರ್ ೨೩, ಮಂಗಳವಾರ. ಮಧ್ಯಾಹ್ನ. ರಜೆ ಹಾಕಿದ್ದೇನೆ.

ನಾಲ್ಕು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ನಾದಿನಿ ದಿನಾ ಕೇಳುತ್ತಿದ್ದಳು, "ಏನಾಯ್ತು, ಮಿನುಗೋದು ಎಲ್ಲಿಗೆ ಬಂತು?" ನಾನು ದಿನಾ "ನೋಡ್ತಾ ಇದ್ದೀವಿ ಕಣೇ" ಎನ್ನುತ್ತಿದ್ದೆ. ಸೋಮವಾರದ ಮೀಟಿಂಗ್ ಮುಂದಿನ ಸೋಮವಾರಕ್ಕೆ ಹೋಯಿತು.

ಇವತ್ತು ಬೆಳಗ್ಗೆ ಬಂದಳು. ಈ ಸಲ ಚಪ್ಪಲಿ ಬಿಟ್ಟು, ನಿಧಾನವಾಗಿ ಕೂತಳು. ಕಿಟಕಿ ಪಕ್ಕದ ಮಗು. ಬೆಳಗಿನ ಐದು ಗಂಟೆಗೆ ಪ್ಯಾಚ್ ೩೬.೩ ಎಂದಿತು. ಇವಳಿಗೆ ಕಾಲು ತಣ್ಣಗೆನಿಸಿತು. ಥರ್ಮಾಮೀಟರ್ ೩೫.೬. ಮೂವತ್ತಾರಕ್ಕಿಂತ ಇಳಿದರೆ ಅವರಲ್ಲಿ ಗಂಟೆ ಹೊಡೆದ ಹಾಗೆ. ಡಾಕ್ಟರ್ ಓಡಿ ಬಂದರು, ಹೀಟರ್ ಕೆಳಗೆ ಹಾಕಿದರು, ಈಗ ಪರವಾಗಿಲ್ಲ. "ಅಕ್ಟೋಬರ್‌ನಲ್ಲಿ ಆಗಿದ್ರೆ ನಾನು ನೋಡ್ತಾನೇ ಇರಲಿಲ್ಲ ಅತ್ತಿಗೆ. ಪ್ಯಾಚ್ ನೋಡಿ ಮುಂದಿನ ಮಗುವಿಗೆ ಹೋಗಿರ್ತಿದ್ದೆ."

ಗ್ರಾಫ್ ನೆನಪಾಯಿತು. ಮುಖದಲ್ಲಿ ಕಂಡಿರಬೇಕು.

"ನಿಮಗೆ ಗೊತ್ತಾಗಿದೆ."

ತಲೆಯಾಡಿಸಿದೆ.

"ಯಾವಾಗ ಗೊತ್ತಾಯ್ತು?"

"ಹೋದ ಮಂಗಳವಾರ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ತಟ್ಟೆ ತೊಳೆದಳು, ಕೈ ಒರೆಸಿಕೊಂಡಳು. "ಒಂದು ವಾರ. ನನ್ನ ಜೊತೆ ಇದೇ ಮೇಜಿನ ಮೇಲೆ ಊಟ ಮಾಡ್ಕೊಂಡು." ಅಷ್ಟೇ. ಬಾಗಿಲು ಹಾಕಿಕೊಂಡಳು.

ಅತ್ತೆ ನನ್ನನ್ನೂ ಬಾಗಿಲನ್ನೂ ನೋಡಿದರು. "ಏನು ಮಾಡಿದ್ಯೇ?" ಏನೂ ಮಾಡಲಿಲ್ಲ ಅತ್ತೆ ಎಂದೆ. ಮಾಡದೆ ಇದ್ದದ್ದೇ ತಪ್ಪು.

ಅತ್ತುಬಿಟ್ಟೆ. ನಲವತ್ತಾರು ವಯಸ್ಸಿನಲ್ಲಿ, ಊಟದ ಮೇಜಿನ ಮುಂದೆ.

ಸೆಪ್ಟೆಂಬರ್ ೨೪, ಬುಧವಾರ.

ಬರೆದೆ. ವಾರ್ಡಿನ ಡಾಕ್ಟರಿಗೆ, ಪ್ಯಾಚ್ ಕಂಪನಿಗೆ, ಷರಾ ಅವರಿಗೆ — ಒಂದೇ ಪತ್ರ, ಮೂವರಿಗೂ. ಯಾವ ಸಾಲು, ಯಾರು ಬರೆದದ್ದು, ತಪ್ಪು ಎಷ್ಟು, ಯಾವಾಗ ಎಷ್ಟು. ದಯವಿಟ್ಟು ಥರ್ಮಾಮೀಟರ್ ಬಿಡಬೇಡಿ. ಕೆಳಗೆ ನನ್ನ ಹೆಸರು, ಮೊಬೈಲ್ ನಂಬರ್. ಗ್ರಾಫ್ ಲಗತ್ತಿಸಿದೆ. ಕಳುಹಿಸುವ ಗುಂಡಿ ಒತ್ತಿದೆ.

ನಾಲ್ಕು ಗಂಟೆಗೆ ಡಾಕ್ಟರ್ ಫೋನ್. ಗಟ್ಟಿ ಧ್ವನಿಯ ಹೆಂಗಸು. ಕೈ ಅಳತೆ ಮುಂದುವರಿಯುತ್ತದೆ ಎಂದರು. "ಮತ್ತೆ ಆ ಮಿನುಗಿನ ವಿಷಯ ಇನ್ನೊಂದ್ಸಲ ಹೇಳಿ, ಕುತೂಹಲವಾಗಿದೆ" ಎಂದರು. ಅರ್ಧ ಗಂಟೆ ಮಾತಾಡಿದೆವು. ಬೈಗುಳಕ್ಕೆ ಸಿದ್ಧಳಾಗಿದ್ದವಳು ಕೆಪಾಸಿಟರ್ ಬಗ್ಗೆ ಪಾಠ ಮಾಡಿದೆ.

ಷರಾ ಅವರು ಕಾರಿಡಾರಿನಲ್ಲಿ ಎದುರಾದರು. ತಲೆ ತಗ್ಗಿಸಿ ಹೋದರು. ನನ್ನ ಮೇಜಿನ ಮೇಲೆ ಅವರು ವಾಪಸ್ ಇಟ್ಟ ಪತ್ರದ ಪ್ರಿಂಟ್ ಇತ್ತು, ಅಂಚು ಖಾಲಿ. ಹನ್ನೊಂದು ವರ್ಷದಲ್ಲಿ ಷರಾ ಇಲ್ಲದ ಮೊದಲ ಕಾಗದ.

ಸೆಪ್ಟೆಂಬರ್ ೨೯, ಸೋಮವಾರ.

ಮುಂದೂಡಿದ್ದ ಮೀಟಿಂಗ್ ಇವತ್ತು ಆಯಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಪ್ರಾಜೆಕ್ಟ್‌ನ ಮುಖ್ಯಸ್ಥೆ ಎಂಬುದನ್ನು ತೆಗೆದರು. ಸರಿ. ಲ್ಯಾಬಿನ ಬೆಂಚ್ ಮುಂದೆ ಕೂರುವುದು ಬಿಡಿಸಲಿಲ್ಲವಲ್ಲ.

ಪ್ಯಾಚ್‌ಗೆ ಸದ್ಯದ ಮದ್ದು: ಎದ್ದ ಮೇಲೆ ನಾಲ್ಕು ರೀಡಿಂಗ್, ಕೊನೆಯದು ಲೆಕ್ಕ. ಮೊದಲನೆಯದು +೦.೭, ಎರಡನೆಯದು +೦.೨, ಮೂರನೆಯದು +೦.೦೪, ನಾಲ್ಕನೆಯದು ಸರಿ. ಲ್ಯಾಬ್ ಟೆಸ್ಟಿನಲ್ಲಿ ಎರಡನೆಯದೂ ಮೂರನೆಯದೂ ಸಾವಿರಾರು ರೀಡಿಂಗ್‌ಗಳ ಸರಾಸರಿಯಲ್ಲಿ ಕರಗಿಹೋಗಿದ್ದವು. ಕಸವನ್ನು ನಾನು ಲ್ಯಾಬಿನಲ್ಲಿ ಗುಟ್ಟಾಗಿ ಎಸೆಯುತ್ತಿದ್ದೆ, ಇನ್ನು ಮೇಲೆ ಪ್ಯಾಚೇ ಎಸೆಯಲಿ. ಆದರೆ ಬ್ಯಾಟರಿ ಹದಿನಾಲ್ಕರಿಂದ ಹನ್ನೊಂದು ದಿನಕ್ಕೆ. ಮೂರು ದಿನ ಮೊದಲು ಅಂಟು ಕೀಳಬೇಕು.

ಈ ಮೂರು ದಿನ ಹೊಟ್ಟೆ ಉರಿಸುತ್ತಿದೆ.

ಅಕ್ಟೋಬರ್ ೯, ಗುರುವಾರ.

ಚಿಮಟಳ ಐಡಿಯಾ, ನನ್ನದಲ್ಲ. ಸ್ಪಷ್ಟವಾಗಿ ಬರೆದಿಡುತ್ತೇನೆ.

"ಮೇಡಂ, ತುಂಬೋಕೆ ಟೈಮ್ ಸಾಲದು ಅಂತ ಟೈಮ್ ಜಾಸ್ತಿ ಮಾಡ್ತಿದ್ದೀವಿ. ನಲ್ಲಿನೇ ದೊಡ್ಡದು ಮಾಡಿದ್ರೆ?"

ಎದ್ದ ಮೊದಲ ಮೂವತ್ತು ಮೈಕ್ರೋಸೆಕೆಂಡ್ ಮಾತ್ರ ಕೆಪಾಸಿಟರಿಗೆ ಹತ್ತು ಪಟ್ಟು ಕರೆಂಟ್. ಆಮೇಲೆ ಬಂದ್. ಜೋರಾಗಿ ಕುಡಿಯುತ್ತದೆ ನಿಜ, ಆದರೆ ಚಿಪ್ ಬೇಗ ಮತ್ತೆ ಮಲಗುತ್ತದೆ, ಹಾಗಾಗಿ ಒಟ್ಟು ಖರ್ಚು ಕಡಿಮೆ. ಸಿಮ್ಯುಲೇಷನ್ ಹಾಕಿದೆವು. ಮೊದಲ ರೀಡಿಂಗೇ ಸರಿ. ಬ್ಯಾಟರಿ ಹದಿಮೂರೂವರೆ ದಿನ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ಸುಲಭವೇ? ಎರಡು ಟ್ರಾನ್ಸಿಸ್ಟರ್!

ಯಾಕೆ ಎಡವಟ್ಟು ಎಂದು ಕೇಳಿದ್ದರೆ ಆರು ವರ್ಷದ ಹಿಂದೆಯೇ ಸಿಗುತ್ತಿತ್ತು. ಎಸೆಯುವ ಮೊದಲು ಒಂದು ಸಲ ಅದರ ಕಡೆ ನೋಡಿದ್ದರೆ ಸಾಕಿತ್ತು.

ಹೊಸ ಚಿಪ್ ಬರಲು ಐದು ತಿಂಗಳು. ಸ್ಕ್ರಿಪ್ಟಿನ ಆ ಸಾಲು ಅಳಿಸಿದೆ. ಅದರ ಜಾಗದಲ್ಲಿ ಬರೆದೆ: "ಮೊದಲನೆಯದನ್ನು ಬೇರೆಯಾಗಿ ಬರೆದಿಡು."

ಅಕ್ಟೋಬರ್ ೨೦, ಸೋಮವಾರ. ಸಂಜೆ.

ನಾದಿನಿ ಮಾತಾಡಿದಳು! ಇಪ್ಪತ್ತೇಳು ದಿನದ ಮೇಲೆ. ಅಲ್ಲಿಯವರೆಗೆ "ಉಪ್ಪು ಕೊಡಿ", "ಕರೆಂಟ್ ಹೋಯ್ತು" ಅಷ್ಟೇ ನಡೆಯುತ್ತಿತ್ತು.

ನೋಟ್‌ಬುಕ್ ತಂದು ಮುಂದಿಟ್ಟಳು. ನಾಲ್ಕು ರೀಡಿಂಗ್‌ನ ಪ್ಯಾಚ್ ಹಾಕಿದ ಮೇಲಿನ ಎರಡು ವಾರ. ಎಡ ಬಲ ಎರಡೂ ಒಂದೇ, ಪುಟದ ಮೇಲೆ ಪುಟ. ಕಿಟಕಿ ಪಕ್ಕದ ಮಗು ಒಂದೂವರೆ ಕೇಜಿ ಮುಟ್ಟಿತಂತೆ.

"ಈಗ ನಂಬ್ತೀಯಾ?" ಎಂದೆ.

"ಪ್ಯಾಚ್‌ನ ನಂಬ್ತೀನಿ. ನಿಮ್ಮನ್ನ ಇನ್ನೊಂದೆರಡು ವಾರ ನೋಡ್ತೀನಿ."

ಹೇಳುವಾಗ ತುಟಿ ನಗುತ್ತಿತ್ತು. ನನಗೆ ಅಷ್ಟು ಸಾಕು. ಇನ್ನು ಯಾವುದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ ಎಂದೆ. ಮನಸಾರೆ ಹೇಳಿದೆ.

ಅಕ್ಟೋಬರ್ ೨೫, ಶನಿವಾರ. ಬೆಳಗ್ಗೆ ಏಳೂವರೆ.

ನಿನ್ನೆ ಡಾಕ್ಟರಿಂದ ಪತ್ರ. ಎರಡೇ ಸಾಲು. ಹನ್ನೊಂದು ವರ್ಷ ಅದೇ ಸ್ಕ್ರಿಪ್ಟಿನಲ್ಲಿ ಪಾಸಾದ ನಿಮ್ಮ ಬೇರೆ ಚಿಪ್‌ಗಳು ಯಾವುವು? ಅವೂ ಹೀಗೆ ಮಲಗಿ ಏಳುತ್ತವೆಯೇ?

ನನಗೆ ಯಾಕೆ ಹೊಳೆಯಲಿಲ್ಲ? ಕಾಫಿ ಹಿಡಿದು ಕೂತಿದ್ದೇನೆ. ಪಟ್ಟಿ ಮಾಡೋಣ. ಒಟ್ಟು ಏಳು. ರೆಫರೆನ್ಸ್ ಪೂರ್ತಿ ಆಫ್ ಮಾಡುವ ಉಪಾಯ ಬಂದ ಮೇಲಿನವು ನಾಲ್ಕು. ಮೊದಲಿನ ಮೂರಕ್ಕೆ ಭಯವಿಲ್ಲ.

ಪ್ಯಾಚ್ — ಗೊತ್ತೇ ಇದೆ.

ಲಿಫ್ಟಿನ ತೂಕ ನೋಡುವುದು — ಮಲಗುವುದೇ ಇಲ್ಲ. ಸರಿ.

ಕಾರ್ಖಾನೆಯ ಒತ್ತಡದ ಗೇಜ್ — ಸೆಕೆಂಡಿಗೆ ನೂರು ರೀಡಿಂಗ್. ಸರಿ.

ಸಕ್ಕರೆ ನೋಡುವ ಮೀಟರ್ — ಐದು ವರ್ಷದ ಹಿಂದಿನದು. ಇಡೀ ದಿನ ಡಬ್ಬಿಯಲ್ಲಿ ಮಲಗಿರುತ್ತದೆ. ಸ್ಟ್ರಿಪ್ ತೂರಿಸಿದರೆ ಏಳುತ್ತದೆ. ಎಷ್ಟು ರೀಡಿಂಗ್ ತೆಗೆಯುತ್ತದೆ? ಗೊತ್ತಿಲ್ಲ. ಮೀಟರ್ ಮಾಡಿದವರನ್ನು ಕೇಳಬೇಕು. ಒಂದೇ ಆದರೆ... ಒಂದು ದಿನ ಪೂರ್ತಿ ಮಲಗಿದರೆ ಗೋಲು ಎಷ್ಟು ಗಿಡ್ಡವಾಗಿರುತ್ತದೆ? ಐದು ನಿಮಿಷದಾಚೆ ನಾವು ಅಳೆದೇ ಇಲ್ಲ. ಗೋಲು ಗಿಡ್ಡವಾದರೆ ಸಕ್ಕರೆ ಹೆಚ್ಚು ಕಾಣುತ್ತದೆ. ಇಲ್ಲದ ಸಕ್ಕರೆಗೆ ಇನ್ಸುಲಿನ್.

ಅತ್ತೆಯ ಹತ್ತಿರ ಇರುವುದು ಅದೇ.

ಅಂಗಡಿಗೆ ಬಂದ ವಾರವೇ ನಾನು ತಂದುಕೊಟ್ಟೆ. ಒಳಗಿರುವುದು ನನ್ನ ಚಿಪ್ ಎಂದು ಕುಣಿದಿದ್ದೆ. ಐದು ವರ್ಷದಿಂದ ದಿನಾ ತಿಂಡಿಗೆ ಮೊದಲು ಅದರ ಮಾತು ಕೇಳಿ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಎರಡು ಸಲ ಬಚ್ಚಲಲ್ಲಿ ತಲೆ ಸುತ್ತಿ ಕುಸಿದರು. ಬೆವರಿ ಒದ್ದೆಯಾಗಿದ್ದರು. ವಯಸ್ಸಾಯಿತು ಎಂದುಕೊಂಡೆವು. ನಾನೂ ಹಾಗೇ ಹೇಳಿದ್ದೆ.

ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ. "ಇನ್ನೂರು ದಾಟಿದೆ ಕಣೇ, ಇವತ್ತು ಎರಡು ಯೂನಿಟ್ ಜಾಸ್ತಿ ತಗೋತೀನಿ."

ತಡೀರಿ ಅತ್ತೆ, ಸೂಜಿ ಕೆಳಗಿಡಿ, ಇನ್ನೊಂದು ಸ್ಟ್ರಿಪ್ ಹಾಕಿ ಈಗಲೇ ಮತ್ತೆ ನೋಡಿ ಎಂದು ಕೂಗಿದೆ. ಬೈಯುತ್ತಾ ಹಾಕುತ್ತಿದ್ದಾರೆ. ನಾದಿನಿಯೂ ಎದ್ದು ಬಂದಳು. ಎರಡನೆಯದು ನೂರಾ ಮೂವತ್ತೆಂಟು ತೋರಿಸಿತು.